ಪಕ್ಕದ ಮೇಜಿನವರು

ತಿಕೋಟಾದ ಕಡೆ ದ್ರಾಕ್ಷಿಯನ್ನು ಒಣಗಿಸುವ ಮುನ್ನ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಸಡಿಲಗೊಂಡು ನೀರಿನಂಶ ಬೇಗನೆ ಹೊರಬೀಳುತ್ತದೆ. ಒಬ್ಬನ ಹದ ಕೆಟ್ಟರೆ ನೆರೆಹೊಲದವನು ಅದರಿಂದ ಪಾಠ ಕಲಿಯುತ್ತಾನೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟಿಗಾಗಿ ದುಡಿಯುವ ತರುಣರಿಗೆ ಈ ಭಾಗ್ಯ ಅಪರೂಪ. ಕೆಟ್ಟ ಪ್ರಯೋಗ ಅಚ್ಚಾಗುವುದೇ ವಿರಳ; ಪಕ್ಕದ ಮೇಜಿನವನು ಅದೇ ತಪ್ಪನ್ನು ಹೊಸದಾಗಿ ಮಾಡುತ್ತಾನೆ.

1933ರಲ್ಲಿ ಕಮಲಾ ಭಾಗವತರು, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ತಟ್ಟಿದರು. ತಂದೆ ಅಲ್ಲಿಯೇ ಕಲಿತ ರಸಾಯನಶಾಸ್ತ್ರಜ್ಞರು. ಆದರೂ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್‌ರು ಮೊದಲು ಒಲ್ಲೆನೆಂದರು. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿ; ಗಂಡು ಸಂಶೋಧಕರ ಏಕಾಗ್ರತೆಗೆ ಭಂಗ ಬರಬಾರದೆಂಬ ಷರತ್ತು ಬೇರೆ! ಗುರುಗಳಾಗಿ ಶ್ರೀನಿವಾಸಯ್ಯನವರು ದೊರೆತರು, ಹಾಲು ಬೇಳೆಗಳ ಪ್ರೋಟೀನಿನ ಅಧ್ಯಯನ ಸಾಗಿತು, 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟೂ ಬಂದಿತು. ಆದರೆ ಅಂಥ ಷರತ್ತಿನ ನೆರಳಿನಲ್ಲಿ ಸಹಪಾಠಿಯೊಡನೆ ಮನಬಿಚ್ಚಿ ಮಾತನಾಡುವುದೆಂತು?

2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು; ಅದಕ್ಕೀಗ ಅಕ್ಕಮಹಾದೇವಿಯ ಹೆಸರು. ಬಬಲೇಶ್ವರದ ಹುಡುಗಿ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಬೇಕಾಗಿಲ್ಲ. ಜೊತೆಯನ್ನು ಮಾತ್ರ ತಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಹಣವೂ ಬೇಡ, ಅಧ್ಯಕ್ಷರೂ ಬೇಡ (ಅಧ್ಯಕ್ಷರಿದ್ದರೆ ಭಾಷಣವಿರುತ್ತದೆ). ವಾರಕ್ಕೊಂದು ಸಂಜೆ, ಗುರುಗಳಿಲ್ಲದ ಕೋಣೆ, ಚಹಾ ಸಾಕು. ಮೊದಲ ವರ್ಷದವಳು ಹರಳುಗಟ್ಟದ ತನ್ನ ದ್ರಾವಣದ ಗೋಳನ್ನು ಹೇಳಿಕೊಳ್ಳಲಿ. ಮೂರನೆಯ ವರ್ಷದವಳು, “ಗಾಜಿನ ಕಡ್ಡಿಯಿಂದ ಪಾತ್ರೆಯ ಒಳಮೈಯನ್ನು ತುಸು ಕೆರೆದು ನೋಡು,” ಎನ್ನಲಿ.