ಹೆಸರಿನ ಕೆಳಗಿದ್ದ ಸಾಲು

ಪತ್ರಿಕೆಗಳಿಗೆ ನಾನು ಬರೆಯುವ ರಾಜಕೀಯ ಲೇಖನಗಳ ಕೊನೆಯಲ್ಲಿ, ನನ್ನ ಹೆಸರಿನ ಕೆಳಗೆ, ನಾನು ಪಾಠ ಹೇಳುವ ಕಾಲೇಜಿನ ಹೆಸರೂ ಅಚ್ಚಾಗುತ್ತಿತ್ತು. ಹೋದ ವರ್ಷದಿಂದ ಆ ಸಾಲು ಇಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರು ನನ್ನನ್ನು ಕರೆಸಿ, ಕಾಫಿ ತರಿಸಿಕೊಟ್ಟು, “ಬರೀಬೇಡಿ ಅಂತ ಯಾರೂ ಹೇಳ್ತಾ ಇಲ್ಲ ಮೇಷ್ಟ್ರೇ, ಧಾರಾಳವಾಗಿ ಬರೀರಿ. ನಮ್ಮ ಹೆಸರೊಂದು ಬೇಡ” ಎಂದರು. ಕಾಫಿ ಚೆನ್ನಾಗಿತ್ತು. ನಾನೂ ಒಪ್ಪಿಬಿಟ್ಟೆ. ಒಪ್ಪಿದ್ದು ತಪ್ಪಾಯಿತೆಂದು ಈಗ ತೋರುತ್ತಿದೆ. ಅದಕ್ಕೇ ಈ ಬರಹ.

ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಕಾಲೇಜೆಂದರೆ ನೂರು ಅಭಿಪ್ರಾಯಗಳ ಮನೆ. ನನ್ನೊಬ್ಬನ ಅಭಿಪ್ರಾಯಕ್ಕೆ ಅದೇಕೆ ಬಾಧ್ಯವಾಗಬೇಕು? ಆದರೆ ‘ನಿನ್ನ ಮಾತು ನಮ್ಮದಲ್ಲ’ ಎನ್ನುವುದು ಬೇರೆ, ‘ನೀನೇ ನಮ್ಮವನಲ್ಲ’ ಎನ್ನುವುದು ಬೇರೆ. ಇವೆರಡರ ನಡುವಿನ ದಾರಿ ಎಷ್ಟು ಗಿಡ್ಡವೆಂಬುದನ್ನು ಹರಿಯಾಣದ ಸೋನೀಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾನಿಲಯ ತೋರಿಸಿಕೊಟ್ಟಿದೆ.

ಪ್ರತಾಪ್ ಭಾನು ಮೆಹ್ತಾ ಅಲ್ಲಿ 2019ರವರೆಗೆ ಕುಲಪತಿಗಳಾಗಿದ್ದು ಆಮೇಲೆ ಪ್ರಾಧ್ಯಾಪಕರಾಗಿ ಉಳಿದವರು. ಅವರು ಸರ್ಕಾರವನ್ನು ಟೀಕಿಸುತ್ತಿದ್ದದ್ದು ದಿನಪತ್ರಿಕೆಯ ಅಂಕಣದಲ್ಲಿ, ವಿಶ್ವವಿದ್ಯಾನಿಲಯದ ಹೊರಗೆ. ಆದರೂ 2021ರ ಮಾರ್ಚ್ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ತಮ್ಮ ಸಂಬಂಧ ಸಂಸ್ಥೆಗೆ ರಾಜಕೀಯ ಹೊರೆಯಾಗಬಹುದೆಂಬುದು ಸ್ಥಾಪಕರೊಡನೆ ಮಾತಾಡಿದ ಮೇಲೆ ಸ್ಪಷ್ಟವಾಯಿತೆಂದು ಪತ್ರದಲ್ಲಿ ತಿಳಿಸಿದರು. ಕೆಲವೇ ದಿನಗಳಲ್ಲಿ, ಕೇಂದ್ರ ಸರ್ಕಾರಕ್ಕೇ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ಕೂಡ ರಾಜೀನಾಮೆ ಬರೆದುಕೊಟ್ಟರು. ಬರಹವನ್ನು ಹೊರಗಿಟ್ಟರೂ ಬರೆದವನು ಒಳಗಿರುವುದೇ ಅಪರಾಧವಾಯಿತು.

ಅಧ್ಯಾಪಕನು ತನ್ನ ಶಾಸ್ತ್ರವನ್ನು ಬಿಟ್ಟು ಬೀದಿಯ ಮಾತಿಗಿಳಿದರೆ ಹೀಗೆಯೇ ಆಗುವುದೆನ್ನುವವರು ಉಂಟು. ಅವರು 2023ನ್ನು ನೆನೆಯಲಿ. ಅದೇ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಅಧ್ಯಾಪಕ ಸಬ್ಯಸಾಚಿ ದಾಸ್, 2019ರ ಲೋಕಸಭಾ ಚುನಾವಣೆಯಲ್ಲಿ ಅಲ್ಪ ಅಂತರದಿಂದ ತೀರ್ಮಾನವಾದ ಕ್ಷೇತ್ರಗಳ ಅಂಕಿಗಳನ್ನು ಪರಿಶೀಲಿಸಿ, ಅಂಥಲ್ಲಿ ಆಳುವ ಪಕ್ಷದ ಗೆಲುವು ಲೆಕ್ಕಕ್ಕೆ ಮೀರಿದ್ದು, ಕೈವಾಡದ ಶಂಕೆಗೆ ಎಡೆಕೊಡುತ್ತದೆ ಎಂದು ಪ್ರಬಂಧ ಬರೆದರು. ಗದ್ದಲವೆದ್ದಿತು. ಆಗಸ್ಟ್ 1ರಂದು ವಿಶ್ವವಿದ್ಯಾನಿಲಯ ಹೇಳಿಕೆ ಹೊರಡಿಸಿತು: ಪ್ರಬಂಧ ಇನ್ನೂ ತಜ್ಞರ ಪರಿಶೀಲನೆ ಮುಗಿಸಿ ಪ್ರಕಟವಾಗಿಲ್ಲ, ಅಧ್ಯಾಪಕರು ವೈಯಕ್ತಿಕವಾಗಿ ನಡೆಸುವ ಸಾರ್ವಜನಿಕ ಚಟುವಟಿಕೆ ಸಂಸ್ಥೆಯ ನಿಲುವಲ್ಲ. ವೈಯಕ್ತಿಕ! ಅರ್ಥಶಾಸ್ತ್ರಜ್ಞ ಅಂಕಿಗಳನ್ನು ಕೂಡಿ ಕಳೆಯುವುದು ವೈಯಕ್ತಿಕವಾದರೆ ಅವನ ಉದ್ಯೋಗವಾದರೂ ಯಾವುದು ಸ್ವಾಮಿ? ದಾಸ್ ರಾಜೀನಾಮೆ ಕೊಟ್ಟರು, ಅದು ಅಂಗೀಕಾರವೂ ಆಯಿತು. ಅದೇ ವಿಭಾಗದ ಪುಲಾಪ್ರೆ ಬಾಲಕೃಷ್ಣನ್ ಕೂಡ ರಾಜೀನಾಮೆಯಿತ್ತರು. ದಾಸರ ಲೆಕ್ಕ ತಪ್ಪಿರಬಹುದು. ನಾನು ಆ ಶಾಸ್ತ್ರದವನಲ್ಲ. ತಪ್ಪಿದ್ದರೆ ಇನ್ನೊಬ್ಬರು ಸರಿಯಾದ ಲೆಕ್ಕವನ್ನು ಮುಂದಿಡಬಹುದಾಗಿತ್ತು.

ಅದು ಖಾಸಗಿಯವರ ದುಡ್ಡಿನ ಸಂಸ್ಥೆ ಎನ್ನುತ್ತೀರಾ? ಸರ್ಕಾರದ ನೆರಳಿನಲ್ಲಿರುವವರಿಗೆ ಏನು ಸುಖ! ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 9ನೆಯದು, ಸ್ವಂತ ಹೆಸರಿನಲ್ಲಾಗಲಿ ಹೆಸರಿಲ್ಲದೆಯಾಗಲಿ ಸರ್ಕಾರದ ನೀತಿಯನ್ನು ಟೀಕಿಸಿ ಬರೆಯಕೂಡದೆನ್ನುತ್ತದೆ. ಆ ನಿಯಮಗಳನ್ನು ಅಧ್ಯಾಪಕರಿಗೂ ತೊಡಿಸುವ ಬಗ್ಗೆ 2018ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ದೊಡ್ಡ ವಿವಾದವೇ ಆಯಿತು. ಕಡತ ಬರೆಯುವ ಗುಮಾಸ್ತೆಗೂ ವಿಚಾರ ಮಾಡಲೆಂದೇ ಸಂಬಳ ಪಡೆಯುವ ಅಧ್ಯಾಪಕನಿಗೂ ಒಂದೇ ಅಳತೆಯ ಅಂಗಿ.

ನಮ್ಮ ಕಡೆಯೂ ನಾವು ಹೆಮ್ಮೆಪಡುವಂತಿಲ್ಲ. ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಸಂಶೋಧನೆಯ ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಒತ್ತಡ ಬಂದದ್ದು ಸರ್ಕಾರದಿಂದಲ್ಲ, ಸಮಾಜದಿಂದ. 2015ರಲ್ಲಿ ಅವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು.

ಕಾಲೇಜಿನ ಹೆಸರು ಮರಳಿ ಬೇಕೆಂಬ ಹಟ ನನಗಿಲ್ಲ. ಆ ಸಾಲಿನ ಬದಲು ಇನ್ನೊಂದು ಸಾಲನ್ನು ಬರೆದುಕೊಡಿ ಎಂದು ಮಂಡಳಿಗೆ ಪತ್ರ ಹಾಕಿದ್ದೇನೆ: ‘ಇವರ ಅಭಿಪ್ರಾಯ ನಮ್ಮದಲ್ಲ, ಅದನ್ನು ಹೇಳಿದ್ದಕ್ಕಾಗಿ ಇವರ ಕೆಲಸ ಹೋಗುವುದಿಲ್ಲ.’ ಮೂರು ವಾರವಾಯಿತು. ಆ ಹಿರಿಯರು ಮೊನ್ನೆ ಮೆಟ್ಟಿಲ ಬಳಿ ಸಿಕ್ಕಿದ್ದರು. ಆರೋಗ್ಯ ವಿಚಾರಿಸಿದರು, ಪತ್ರದ ಮಾತೆತ್ತಲಿಲ್ಲ.