ನೂರಹನ್ನೆರಡೂವರೆ ರೂಪಾಯಿಯ ಸೋಮಾರಿಗಳು

ಉದ್ಯೋಗ ಕಳೆದುಕೊಂಡವನ ಕೈಗೆ ಸರಕಾರವು ನಾಲ್ಕು ಕಾಸು ಇಟ್ಟಿತೆಂದರೆ ಅವನು ಆ ಕ್ಷಣವೇ ಆಲಸ್ಯದ ಪ್ರತಿಮೂರ್ತಿಯಾಗಿ ಜಗಲಿಯ ಮೇಲೆ ಕಾಲು ಚಾಚಿ ಮಲಗುವನೆಂದೂ, ಅವನ ಗೊರಕೆಯ ರಭಸಕ್ಕೆ ರಾಜ್ಯದ ಬೊಕ್ಕಸವೇ ಕುಸಿಯುವುದೆಂದೂ ದೃಢವಾಗಿ ನಂಬಿರುವ ಮಹನೀಯರು ನಮ್ಮ ಸುರತ್ಕಲ್ಲಿನಲ್ಲಿ ವಿರಳರಲ್ಲ. ಅವರಲ್ಲಿ ಅನೇಕರು ನಿವೃತ್ತಿವೇತನವನ್ನು ತಿಂಗಳು ತಪ್ಪದೆ ಎಣಿಸಿಕೊಳ್ಳುವವರೆಂಬುದು ಬೇರೆ ಮಾತು. ಯುವನಿಧಿ ಬಂದಂದಿನಿಂದ ‘ಬಿಟ್ಟಿ ಭಾಗ್ಯ’ವೆಂಬ ಪದವು ಇವರ ನಾಲಿಗೆಗೆ ಅಂಟಿಕೊಂಡಿದೆ, ನಿರುದ್ಯೋಗಿಗೆ ಸಲ್ಲುವ ಹಣ ಯಾವುದೇ ಆಗಲಿ, ಅದರ ಮೇಲೆ ಈ ಮುದ್ರೆಯನ್ನು ಒತ್ತಿಬಿಡುತ್ತಾರೆ.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವಿತರಣೆಗೆ ಚಾಲನೆ ಪಡೆದ ಯುವನಿಧಿಯು ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವನಿಗೆ 1,500 ರೂಪಾಯಿಗಳನ್ನು, ಗರಿಷ್ಠ ಎರಡು ವರ್ಷ, ಅದೂ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವನಿಗೆ ಮಾತ್ರ ಕೊಡುತ್ತದೆ. ಬೈಕಂಪಾಡಿಯ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದು, ಒಂದು ಬೆಳಿಗ್ಗೆ ಗೇಟಿನ ಹೊರಗೆ ಬುತ್ತಿಚೀಲ ಹಿಡಿದು ನಿಂತ ನಲವತ್ತರ ಪ್ರಾಯದವನು ಅದರ ಲೆಕ್ಕದಲ್ಲಿ ನಿರುದ್ಯೋಗಿಯೇ ಅಲ್ಲ.

ಅವನಿಗೆ ಇರುವುದು ಇ.ಎಸ್.ಐ. (ನೌಕರರ ರಾಜ್ಯ ವಿಮಾ) ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇದು ಯಾರಪ್ಪನ ಮನೆಯ ಹಣವೆಂದು ನಮ್ಮ ಮಹನೀಯರು ಒಮ್ಮೆಯಾದರೂ ವಿಚಾರಿಸಿದ್ದುಂಟೆ? ತಿಂಗಳಿಗೆ 15,000 ರೂಪಾಯಿ ಸಂಬಳದವನ ಕೈಯಿಂದ ಶೇಕಡಾ 0.75ರಂತೆ 112 ರೂಪಾಯಿ 50 ಪೈಸೆಯನ್ನು ಪ್ರತಿ ತಿಂಗಳೂ ಮುರಿದುಕೊಳ್ಳಲಾಗುತ್ತದೆ. ಮಾಲಿಕನು ಶೇಕಡಾ 3.25ರಂತೆ 487 ರೂಪಾಯಿ 50 ಪೈಸೆ ಸೇರಿಸುತ್ತಾನೆ, ಅದೂ ಆ ದುಡಿಮೆಯ ಲೆಕ್ಕದಲ್ಲಿಯೇ. ಹತ್ತು ವರ್ಷಕ್ಕೆ, ಇಂದಿನ ದರದಲ್ಲಿ, 72,000 ರೂಪಾಯಿ. ಕೆಲಸ ಹೋದಾಗ ಅವನಿಗೆ ಬರುವುದು ದಿನದ ಸರಾಸರಿ ಸಂಪಾದನೆಯ ಅರ್ಧದಂತೆ ಹೆಚ್ಚೆಂದರೆ 90 ದಿನ, ಅಂದರೆ ಸುಮಾರು 22,500 ರೂಪಾಯಿ. ಜೀವಮಾನದಲ್ಲಿ ಒಂದೇ ಬಾರಿ. ಎರಡನೆಯ ಸಲ ಕೆಲಸ ಕಳೆದುಕೊಳ್ಳುವ ದುರಭ್ಯಾಸವನ್ನು ನಿಗಮವು ಪ್ರೋತ್ಸಾಹಿಸುವುದಿಲ್ಲವೆಂದು ತೋರುತ್ತದೆ. 2018ರ ಜುಲೈಯಲ್ಲಿ ಪ್ರಾಯೋಗಿಕವೆಂದು ಹುಟ್ಟಿದ ಈ ಯೋಜನೆ ಮೊದಲು ಕೊಡುತ್ತಿದ್ದುದು ಕಾಲು ಭಾಗ ಮಾತ್ರ. ಅದು ಅರ್ಧವಾಗಲು ಕೊರೋನಾ ಮಹಾಮಾರಿಯೇ ಬರಬೇಕಾಯಿತು.

ಆ ಅರ್ಧವಾದರೂ ಕೈಗೆ ಬರುವುದೆ? ಸುರತ್ಕಲ್ ಪೇಟೆಯ ಸೈಬರ್ ಅಂಗಡಿಯೊಂದರಲ್ಲಿ ಈ ಭತ್ಯೆಗೆ ಅರ್ಜಿ ಹಾಕಲು ಬಂದ ಒಬ್ಬ ಗುತ್ತಿಗೆ ಕಾರ್ಮಿಕನನ್ನು ಕಂಡೆನು. ಆಧಾರಿನ ಓಟಿಪಿಯು ಅವನು ಎಂದೋ ರೀಚಾರ್ಜ್ ಮಾಡುವುದನ್ನು ಬಿಟ್ಟ ನಂಬರಿಗೆ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಗುತ್ತಿಗೆದಾರನು ವಂತಿಗೆಯ ಪಟ್ಟಿಯಲ್ಲಿ ‘ಕೆಲಸ ಬಿಟ್ಟ’ ಎಂದು ಗುರುತಿಸಿದ್ದನು. “ನಾನು ಬಿಟ್ಟದ್ದಲ್ಲ ಮಾರಾಯ್ರೆ, ನಾಳೆಯಿಂದ ಬರುವುದು ಬೇಡ ಅಂತ ಅವರೇ ಹೇಳಿದ್ದು,” ಎಂದು ಅವನು ಅಂಗಡಿಯ ಹುಡುಗನಿಗೆ ವಿವರಿಸುತ್ತಿದ್ದನು. ಹುಡುಗನೇನು ಮಾಡಿಯಾನು! ದುರ್ನಡತೆಯ ಶಿಕ್ಷೆಯಿಂದಲೋ ಸ್ವಯಂನಿವೃತ್ತಿಯಿಂದಲೋ ಕೆಲಸ ಹೋದವನಿಗೆ ಈ ಭತ್ಯೆಯಿಲ್ಲವೆಂದು ನಿಯಮವಿದೆ; ಹೊರಹಾಕಿದವನ ಲೇಖನಿಗೇ ಹೊರಬಿದ್ದವನ ಕಾರಣವನ್ನು ಬರೆಯುವ ಅಧಿಕಾರವೂ ಇದೆ.

ಸಿಟ್ಟು ಬರುವುದು ಇದೆಲ್ಲ ಈ ಮಣ್ಣಿನಲ್ಲಿ ನಡೆಯುತ್ತಿರುವುದಕ್ಕೆ. ಪಣಂಬೂರಿನ ಬಂದರಿಗೆ, ಗೊಬ್ಬರದ ಕಾರ್ಖಾನೆಗೆ, ಎಂ.ಆರ್.ಪಿ.ಎಲ್.ಗೆ, ವಿಶೇಷ ಆರ್ಥಿಕ ವಲಯಕ್ಕೆ ಗದ್ದೆಯನ್ನೂ ತೆಂಗಿನ ತೋಟವನ್ನೂ ಬಿಟ್ಟುಕೊಟ್ಟ ಊರಿನ ಮಕ್ಕಳು ಅದೇ ಕಾರ್ಖಾನೆಗಳ ಸುತ್ತ ಗುತ್ತಿಗೆದಾರರ ಹಿಂದೆ ಅಲೆಯುತ್ತಾರೆ. ಕನ್ನಡಿಗರಿಗೆ ಕೆಲಸ ಕೊಡಿರೆಂದ ಸರೋಜಿನಿ ಮಹಿಷಿ ವರದಿಗೆ ನಾಲ್ಕು ದಶಕದ ಧೂಳು ಹಿಡಿಯಿತು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟವು ಒಪ್ಪಿಗೆಯಿತ್ತಿತು. ಉದ್ಯಮಪತಿಗಳು ಹುಬ್ಬು ಗಂಟಿಕ್ಕಿದರು. ಎರಡೇ ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಇಷ್ಟು ಶೀಘ್ರವಾಗಿ ಸರಕಾರವು ಕಾರ್ಮಿಕನ ಕೂಗಿಗೆ ಓಗೊಟ್ಟದ್ದನ್ನು ನಾನಂತೂ ಕಾಣೆನು.

ಇನ್ನು ಇ.ಎಸ್.ಐ. ವಿಮೆಗೆ ಹಾಕಿರುವ 21,000 ರೂಪಾಯಿಯ ಸಂಬಳದ ಮಿತಿ. 2017ರ ಜನವರಿಯಲ್ಲಿ ನಿಗದಿಯಾದ ಆ ಅಂಕಿಯ ಮೇಲೆ ಒಂದೇ ರೂಪಾಯಿ ಸಂಬಳ ಏರಿದರೂ, ವಂತಿಗೆಯ ಆ ಅವಧಿ ಮುಗಿದೊಡನೆ, ಅಂಗವಿಕಲನಲ್ಲದ ಕಾರ್ಮಿಕನು ವಿಮೆಯಿಂದ ಹೊರಗೆ. ಅಲ್ಲಿಯವರೆಗೆ ಮುರಿದುಕೊಂಡ ನೂರಹನ್ನೆರಡೂವರೆಗಳು ಒಳಗೆ. ಆಸ್ಪತ್ರೆಯ ಸೌಕರ್ಯ ಕೊಟ್ಟಿಲ್ಲವೇ ಎಂದು ಕೇಳುವವರು ಹೊರರೋಗಿಗಳ ಸಾಲಿನಲ್ಲಿ ಒಂದು ಮುಂಜಾನೆ ನಿಂತು ಬರಲಿ.

ಬೈಕಂಪಾಡಿಯ ಪಾಳಿಗೆ ಬಸ್ಸು ಕಾಯುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಆಧಾರಿಗೆ ನೀವು ಈಗ ಬಳಸುವ ಫೋನ್ ನಂಬರನ್ನೇ ಜೋಡಿಸಿಕೊಳ್ಳಿರಿ, ವಂತಿಗೆ ಜಮೆಯಾಗುತ್ತಿದೆಯೇ ಎಂದು ಆಗಾಗ ನೋಡಿಸಿರಿ, ಗುತ್ತಿಗೆದಾರನು ಲೆಕ್ಕ ಚುಕ್ತಾ ಮಾಡುವ ದಿನ ‘ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ’ ಎಂಬ ಕಾಗದವನ್ನು ಮುಂದಿಟ್ಟರೆ, ಅವನು ಎಷ್ಟೇ ಅವಸರಪಡಿಸಲಿ, ಅದಕ್ಕೆ ಸಹಿ ಹಾಕಬೇಡಿರಿ.