ದಡದ ಮರಳು ಯಾರದು?

ಗುಡೇಕೋಟೆಯ ಬಂಡೆಗುಡ್ಡಗಳ ನಡುವೆ ಬೆಳೆದವರಿಗೆ ಕಡಲು ದೂರದ ಮಾತು. ಮಳೆ ಕೈಹಿಡಿದ ವರ್ಷ ಊರ ಕೆರೆ ತುಂಬಿ ಕೋಡಿ ಬಿದ್ದರೆ ಅದೇ ಆ ಸೀಮೆಯ ಸಮುದ್ರ. ಇತ್ತೀಚಿನ ದಶಕಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಮಕ್ಕಳೂ ವಿದ್ಯೆ, ಉದ್ಯೋಗಗಳ ನಿಮಿತ್ತ ದೇಶಾಂತರ ಹೋಗಿದ್ದಾರೆ. ಅವರಲ್ಲಿ ಶಿಕಾಗೊ ಕಡೆ ನೆಲೆಸಿದವರನ್ನು ನೋಡಿ ಬರುವ ತಂದೆತಾಯಂದಿರ ಛಾಯಾಚಿತ್ರಗಳಲ್ಲಿ ಒಂದು ದೃಶ್ಯ ಕಾಣಸಿಗುವುದುಂಟು: ಕಣ್ಣು ಹಾಯುವಷ್ಟು ದೂರ ನೀರು, ಅಗಲವಾದ ಮರಳದಂಡೆ, ಹಿಂದೆ ಗುಡ್ಡದಂತೆ ಎದ್ದ ಮರಳುದಿಬ್ಬ, ನೀರಿನೊಳಕ್ಕೆ ಚಾಚಿದ ಗೋಡೆಯ ತುದಿಯಲ್ಲಿ ಕೆಂಪು ಛಾವಣಿಯ ದೀಪಸ್ತಂಭ. ನೋಡಿದವರು ಸಮುದ್ರವೆಂದೇ ಭಾವಿಸುತ್ತಾರೆ. ಅದು ಸಮುದ್ರವಲ್ಲ, ಮಿಷಿಗನ್ ಎಂಬ ಸಿಹಿನೀರಿನ ಸರೋವರ.

ಹಿಮಯುಗದ ನೀರ್ಗಲ್ಲು ಕೊರೆದ ತಗ್ಗಿನಲ್ಲಿ ನಿಂತ ಈ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್. ಅದರ ದಕ್ಷಿಣ ದಡದ ಸುಮಾರು 24 ಕಿಲೋಮೀಟರ್ ಉದ್ದದ ದಿಬ್ಬಗಳ ಸಾಲನ್ನು ಅಮೆರಿಕ ದೇಶವು 1966ರಲ್ಲಿ ಸಂರಕ್ಷಿತ ತೀರವೆಂದೂ 2019ರಲ್ಲಿ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನವೆಂದೂ ಘೋಷಿಸಿತು. ಸಸ್ಯವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪುಣ್ಯಕ್ಷೇತ್ರವಿದ್ದಂತೆ. ಹೆನ್ರಿ ಕೌಲ್ಸ್ ಎಂಬ ವಿಜ್ಞಾನಿ ಇಲ್ಲಿಯೇ ದಡದಿಂದ ಒಳನಾಡಿನತ್ತ ನಡೆದು, ಬರಿಯ ಮರಳಿನ ಮೇಲೆ ಮೊದಲು ಹುಲ್ಲು, ಬಳಿಕ ಪೊದೆ, ಬಳಿಕ ಪೈನ್, ಕೊನೆಗೆ ಓಕ್ ಕಾಡು ನೆಲೆಗೊಳ್ಳುವ ಕ್ರಮವನ್ನು 1899ರಲ್ಲಿ ವಿವರಿಸಿದರು. ಒಂದು ನೆಲ ಕಾಡಾಗಲು ಹಿಡಿಯುವ ಶತಮಾನಗಳನ್ನು ಅಲ್ಲಿ ಒಂದು ಹೊತ್ತಿನ ನಡಿಗೆಯಲ್ಲಿ ಓದಬಹುದು.

ಆ ಸಾಲಿನ ಮೊದಲ ಅಕ್ಷರ ಮ್ಯಾರಮ್ ಎಂಬ ಹುಲ್ಲು. ಗಾಳಿ ಮರಳನ್ನು ತಂದು ಸುರಿದಷ್ಟೂ ಅದು ಮೇಲಕ್ಕೆ ಚಿಗುರುತ್ತದೆ; ನೆಲದೊಳಗೆ ಅಡ್ಡಲಾಗಿ ಹರಿಯುವ ಕಾಂಡಗಳಿಂದ ದಿಬ್ಬವನ್ನು ಹೊಲಿದು ಹಿಡಿಯುತ್ತದೆ. ಮರಳಲ್ಲಿ ಹೂತರೂ ಸಾಯದ ಈ ಹುಲ್ಲು ಮನುಷ್ಯನ ಕಾಲ್ತುಳಿತಕ್ಕೆ ಸಾಯುತ್ತದೆ. ಅದು ಸತ್ತ ಕಡೆ ದಿಬ್ಬ ನಡೆಯತೊಡಗುತ್ತದೆ. ಮೌಂಟ್ ಬಾಲ್ಡಿ, ಎಂದರೆ ಬೋಳುಗುಡ್ಡ, ಎಂದು ಹೆಸರಾದ ಅಲ್ಲಿನ ದಿಬ್ಬವು ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಒಳನಾಡಿನತ್ತ ಸರಿಯುತ್ತ, ತನ್ನ ಬೆನ್ನ ಹಿಂದಿನ ಓಕ್ ಮರಗಳನ್ನು ಹೂಳುತ್ತ ಬಂದಿದೆ. 2013ರ ಜುಲೈಯಲ್ಲಿ ಆರು ವರ್ಷದ ಬಾಲಕನೊಬ್ಬ ಅದರ ಮೇಲೆ ನಡೆಯುತ್ತಿದ್ದಾಗ ನೆಲ ಬಾಯಿಬಿಟ್ಟು ಅವನನ್ನು ನುಂಗಿತು. ಎಂದೋ ಹೂತ ಮರ ಒಳಗೇ ಕೊಳೆತು ಪೊಳ್ಳು ಕೊಳವೆಯಾಗಿ ಉಳಿದಿತ್ತು. ಮೂರು ಗಂಟೆಗೂ ಹೆಚ್ಚು ಕಾಲ ಅಗೆದ ಮೇಲೆ ಬಾಲಕನನ್ನು ಜೀವಂತವಾಗಿ ಹೊರತೆಗೆಯಲಾಯಿತು.

ದಿಬ್ಬ ಕೆಡಲು ಕಾಲ್ತುಳಿತವೊಂದೇ ಕಾರಣವಲ್ಲ. ಸರೋವರದ ಅಲೆಗಳು ದಡದುದ್ದಕ್ಕೂ ಮರಳನ್ನು ಒಂದು ದಿಕ್ಕಿಗೆ ಸಾಗಿಸುತ್ತಿರುತ್ತವೆ. ಹಡಗುಗಳ ಆಶ್ರಯಕ್ಕೆಂದು ಮಿಷಿಗನ್ ಸಿಟಿ ಬಂದರಿನಲ್ಲಿ ನೀರಿನೊಳಕ್ಕೆ ಕಟ್ಟಿದ ಗೋಡೆಗಳು ಈ ಸಾಗಣೆಗೆ ಅಡ್ಡವಾದವು. ಗೋಡೆಯ ಪೂರ್ವಕ್ಕೆ ಮರಳು ಶೇಖರವಾಗಿ ದಂಡೆ ಅಗಲವಾಯಿತು. ಪಶ್ಚಿಮಕ್ಕಿರುವ ಬೋಳುಗುಡ್ಡದ ಬುಡಕ್ಕೆ ಮರಳು ತಲುಪದೆ ಅಲೆ ಅದನ್ನು ಕೊರೆಯಿತು. 1904ರ ದೀಪಸ್ತಂಭ ನಿಂತಿರುವುದು ಇಂಥದೇ ಗೋಡೆಯ ತುದಿಯಲ್ಲಿ. ಛಾಯಾಚಿತ್ರದಲ್ಲಿ ಮನಸೆಳೆಯುವ ಆ ಅಗಲವಾದ ಮರಳದಂಡೆಯ ಬಹುಭಾಗ ಪಕ್ಕದ ದಿಬ್ಬಕ್ಕೆ ಸೇರಬೇಕಾಗಿದ್ದ ಪಾಲು. ದೀಪ ನಾವಿಕರ ಪ್ರಾಣ ಕಾಯ್ದದ್ದು ನಿಜ. ಗೋಡೆ ಕಟ್ಟಿದವರಿಗೆ ದುರುದ್ದೇಶವಿರಲಿಲ್ಲವೆಂಬುದೂ ನಿಜ. ಆದರೆ ಒಂದು ದಡಕ್ಕೆ ಆದ ಉಪಕಾರದ ಬೆಲೆಯನ್ನು ಇನ್ನೊಂದು ದಡ ತೆತ್ತಿತು. ಇಂದು ಹೊರಗಿನಿಂದ ಮರಳು ತಂದು ಆ ದಡಕ್ಕೆ ಉಣಿಸಬೇಕಾಗಿ ಬಂದಿದೆ.

ಅದೇ ಬಂದರಿನ ಪಕ್ಕದಲ್ಲಿ ಹೂಸಿಯರ್ ಸ್ಲೈಡ್ ಎಂಬ ಇನ್ನೂ ದೊಡ್ಡ ದಿಬ್ಬವಿತ್ತು. ಎತ್ತರ ಸುಮಾರು 60 ಮೀಟರ್. ಗಾಜಿನ ಜಾಡಿ ಮಾಡುವ ಕಾರ್ಖಾನೆಗಳಿಗೆಂದು ಅದರ ಮರಳನ್ನು ರೈಲುಗಾಡಿಗಳಲ್ಲಿ ತುಂಬಿ ಸಾಗಿಸಿದರು. 1920ರ ಹೊತ್ತಿಗೆ ದಿಬ್ಬ ನೆಲಸಮವಾಗಿತ್ತು. ಆ ಜಾಗದಲ್ಲಿ ಮುಂದೆ ವಿದ್ಯುತ್ ಸ್ಥಾವರ ಎದ್ದಿತು. ಉಳಿದ ದಿಬ್ಬಗಳಿಗೂ ಇದೇ ಗತಿಯೆಂದು ಕಂಡಾಗ ಡೊರೊತಿ ಬುಯೆಲ್ ಎಂಬ ಮಹಿಳೆಯ ನೇತೃತ್ವದಲ್ಲಿ 1952ರಲ್ಲಿ ದಿಬ್ಬ ಉಳಿಸುವ ಸಂಘಟನೆ ಹುಟ್ಟಿತು. ಹದಿನಾಲ್ಕು ವರ್ಷಗಳ ಹೋರಾಟದ ಬಳಿಕ ದೊರೆತದ್ದು ಅರ್ಧ ಜಯ: ಒಂದು ಕಡೆ ಸಂರಕ್ಷಿತ ತೀರ, ಅದರ ನಡುವೆಯೇ ಉಕ್ಕಿನ ಕಾರ್ಖಾನೆ ಮತ್ತು ಬಂದರು.

ಈ ಕಥೆ ಕನ್ನಡನಾಡಿಗೆ ಹೊಸತಲ್ಲ. ಕಾವೇರಿಯ ದಡದ ತಲಕಾಡಿನಲ್ಲಿ ದೇಗುಲಗಳನ್ನು ಮರಳು ಮುಚ್ಚಿದ್ದಕ್ಕೆ ಜನಮನ ಅಲಮೇಲಮ್ಮನ ಶಾಪವನ್ನು ಕಾರಣವಾಗಿ ಕಂಡಿತು. ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಅಣೆಯಿಂದ ನದಿಯ ಹರಿವು ತಗ್ಗಿ, ತೆರೆದುಬಿದ್ದ ಪಾತ್ರದ ಮರಳನ್ನು ಗಾಳಿ ಊರ ಮೇಲೆ ಹೊತ್ತು ತಂದಿತೆಂಬ ವಾದವನ್ನು ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಮಂಡಿಸಿದ್ದಾರೆ. ಶಾಪಕ್ಕೆ ಪರಿಹಾರವಿಲ್ಲ, ಕಾರಣ ತಿಳಿದರೆ ಪರಿಹಾರ ಸಾಧ್ಯ.

ಗುಡೇಕೋಟೆಗೆ ಇನ್ನೂ ಸಮೀಪದ ಸಾಕ್ಷಿ ಹಗರಿ. ಪಶ್ಚಿಮದ ಬೆಟ್ಟಗಳಲ್ಲಿ ವೇದಾವತಿಯಾಗಿ ಹುಟ್ಟಿ, ಚಿತ್ರದುರ್ಗ ಸೀಮೆಯನ್ನು ಹಾಯ್ದು, ರಾಯದುರ್ಗ, ಬಳ್ಳಾರಿ ಕಡೆ ಹಗರಿಯೆನಿಸಿ ತುಂಗಭದ್ರೆಯನ್ನು ಸೇರುವ ನದಿ ಅದು. ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಕೆಳಗೆ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆ. ಅದರಿಂದಾಚೆಗಿನ ಪಾತ್ರ ವರ್ಷದ ಬಹುಕಾಲ ಒಣ ಮರಳಿನ ಬಯಲು. ಆಷಾಢದ ಗಾಳಿ ಬೀಸತೊಡಗಿದರೆ ಆ ಮರಳು ಎದ್ದು ದಡದ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ, ಈಗ ಆಂಧ್ರಪ್ರದೇಶದಲ್ಲಿರುವ ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳ ಕಡೆಯ ರೈತರು ಬಿತ್ತಿದ ಹೊಲ ಮರಳಿನಡಿ ಮರೆಯಾಗುವುದನ್ನು ಕಂಡವರು. ಪ್ರವಾಸಿಗೆ ಅದು ಮರುಭೂಮಿಯ ಚೆಲುವು; ಶೇಂಗಾ ಬಿತ್ತಿದವನಿಗೆ ಬೀಜವೂ ಹೋದ, ನೆಲವೂ ಹೋದ ಲೆಕ್ಕ.

ಇಲ್ಲಿಯ ವೈಪರೀತ್ಯ ಇನ್ನೊಂದು. ನದಿಯ ಪಾತ್ರದಲ್ಲಿ ಇರಬೇಕಾದ ದಪ್ಪ ಮರಳು ಕಟ್ಟಡಗಳಿಗೆಂದು ಲಾರಿಯೇರುತ್ತದೆ. ಗಾಳಿ ತಂದ ನಯವಾದ ಮರಳು ಗಾರೆಗೆ ಒಗ್ಗದೆ ಹೊಲದಲ್ಲೇ ಉಳಿಯುತ್ತದೆ. ಪಾತ್ರದ ಮರಳು ನೀರನ್ನು ಹಿಡಿದಿಡುವ ಉಗ್ರಾಣ; ಬೇಸಗೆಯಲ್ಲಿ ಜನ ಒರತೆ ತೋಡಿ ನೀರು ಪಡೆಯುತ್ತಿದ್ದುದು ಅದರಿಂದ. ಅದು ಬರಿದಾದಷ್ಟೂ ದಡದ ಬಾವಿಗಳ ನೀರು ಇಳಿಯುತ್ತದೆ. ಉಪಖನಿಜ ತೆಗೆಯಲು ಪರಿಸರ ಅನುಮತಿ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರುವರಿಯಲ್ಲಿ ಹೇಳಬೇಕಾಗಿ ಬಂದುದು, ಸಣ್ಣ ಸಣ್ಣ ಗುತ್ತಿಗೆಗಳ ಹೆಸರಿನಲ್ಲಿ ದೇಶದ ನದಿಗಳೇ ಖಾಲಿಯಾಗುತ್ತಿದ್ದ ಕಾರಣಕ್ಕೆ.

ಗಾಳಿಗೆ ಏಳುವ ಮರಳನ್ನು ತಡೆಯುವುದು ಅಸಾಧ್ಯವೇನಲ್ಲ. ಮರಳಿನ ಕಣ ದೂಳಿನಂತೆ ಆಕಾಶಕ್ಕೇರುವುದಿಲ್ಲ. ಬಹುಪಾಲು ಕಣಗಳು ಮೊಣಕಾಲೆತ್ತರದೊಳಗೇ ಪುಟಿಯುತ್ತ ಮುಂದುವರಿಯುತ್ತವೆ. ಆದ್ದರಿಂದ ಮೊಣಕಾಲೆತ್ತರದ ಹಸಿರು ಸಾಲೂ ಅದರ ನಡಿಗೆಯನ್ನು ಬಹುಮಟ್ಟಿಗೆ ನಿಲ್ಲಿಸಬಲ್ಲದು. ಲಾವಂಚ, ಲಕ್ಕಿ, ಅವುಗಳ ಹಿಂದೆ ಹೊಂಗೆ. ಈ ನೆಲದ ಜನ ಬಲ್ಲ, ದನಕರುಗಳು ಸುಲಭವಾಗಿ ಬಾಯಿ ಹಾಕದ ಗಿಡಗಳೇ ಸಾಕು. ಆದರೆ ಒಂದು ದಡ ಕರ್ನಾಟಕದ್ದು, ಇನ್ನೊಂದು ಆಂಧ್ರದ್ದು ಎಂಬ ಭೇದ ಗಾಳಿಗಿಲ್ಲ. ನೆಡುವ ಕೆಲಸ ಎರಡೂ ರಾಜ್ಯಗಳು ಕೂಡಿ ಮಾಡಿದರೆ ಮಾತ್ರ ಫಲಕಾರಿ.

ಈ ಮಾತನ್ನು ಈಗ ಆಡಬೇಕಾದ ಕಾರಣವಿದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಕೈಗೊಳ್ಳಲಾಗಿದೆ. ಬರದಲ್ಲಿ ಬೆಂದ ಸೀಮೆಗೆ ಇದು ಸ್ವಾಗತಾರ್ಹ. ಆದರೆ ನೀರು ನಿಂತ ಕಡೆ ಹೊಸ ದಡ ಹುಟ್ಟುತ್ತದೆ. ಹೊಸ ದಡ ಕಂಡ ಕಡೆ ಅಭಿವೃದ್ಧಿಯ ಹಳೆಯ ನಕ್ಷೆಯೊಂದು ಹಾಜರಾಗುತ್ತದೆ: ಸುತ್ತ ಕಾಂಕ್ರೀಟಿನ ಕಾಲುದಾರಿ, ಕಲ್ಲು ಹೊದಿಸಿದ ಇಳಿಜಾರು, ದೋಣಿವಿಹಾರ, ರಾತ್ರಿಯಿಡೀ ಉರಿಯುವ ಎತ್ತರದ ದೀಪಕಂಬ. ನಾಡಿನ ನಗರಗಳ ಎಷ್ಟೋ ಕೆರೆಗಳು ಈ ಅಲಂಕಾರಕ್ಕೆ ಸಿಲುಕಿ ಬರಿಯ ತೊಟ್ಟಿಗಳಾಗಿವೆ. ಪ್ರವಾಸದಿಂದ ನಾಲ್ಕು ಮನೆಗಳ ಒಲೆ ಉರಿಯುವುದಾದರೆ ಅದನ್ನು ಬೇಡವೆನ್ನುವಂತಿಲ್ಲ. ಆದರೆ ಆ ಒಲೆ ಎಷ್ಟು ಕಾಲ ಉರಿಯಬಲ್ಲದೆಂಬುದನ್ನೂ ಕೇಳಬೇಕು.

ಗುಡೇಕೋಟೆಯ ಮಟ್ಟಿಗೆ ಈ ಪ್ರಶ್ನೆ ಇನ್ನೂ ಸೂಕ್ಷ್ಮ. 2013ರಲ್ಲಿ ಘೋಷಿತವಾದ ಇಲ್ಲಿನ ಕರಡಿಧಾಮದ ಬಂಡೆಗುಹೆಗಳಲ್ಲಿ ಹಗಲೆಲ್ಲ ಮಲಗುವ ಕರಡಿ ಸಂಜೆಗತ್ತಲಲ್ಲಿ ಇಳಿದು ಹೊಂಡ, ಕೆರೆಗಳ ಅಂಚಿಗೆ ಬರುತ್ತದೆ. ಸರೋವರದ ನಾವಿಕನಿಗೆ ದಡದಲ್ಲಿ ಬೆಳಕು ಬೇಕಿತ್ತು. ಇಲ್ಲಿಯ ಕರಡಿಗೆ ದಡದಲ್ಲಿ ಕತ್ತಲೆ ಬೇಕು. ನೀರಿನಂಚು ಬೆಳಕಿನಲ್ಲಿ ಮುಳುಗಿದರೆ ಅದು ಹೊಲದ ಹೊಂಡ, ಊರಿನ ತೊಟ್ಟಿಗಳನ್ನು ಹುಡುಕಿ ಬರುತ್ತದೆ. ಬಳಿಕ ಮನುಷ್ಯ-ಕರಡಿ ಸಂಘರ್ಷವೆಂದು ವರದಿ ಬರೆಯುವುದು ಸುಲಭ.

ಬೇರೆ ದಾರಿಯನ್ನು ಹುಡುಕಲು ಹೊರದೇಶಕ್ಕೆ ಹೋಗಬೇಕಿಲ್ಲ. ಇದೇ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 98.76 ಹೆಕ್ಟೇರಿನದು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿದ್ದು ದೋಣಿವಿಹಾರಕ್ಕಾಗಿ ಅಲ್ಲ, ದೀಪಾಲಂಕಾರಕ್ಕಾಗಿಯೂ ಅಲ್ಲ. ಕೆರೆಯಂಗಳದ ಜಾಲಿಮರಗಳನ್ನು ಕಡಿಯದೆ ಬಿಟ್ಟರು, ನೀರು ನಿಂತಿತು, ಸಾವಿರಾರು ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ನೋಡಲು ಜನ ಈಗ ತಾವಾಗಿ ಬರುತ್ತಾರೆ.

ಕೆರೆ ತುಂಬಿಸುವ ಯೋಜನೆಯ ಪ್ರತಿ ಕೆರೆಗೂ ಒಂದು ಹಸಿರು ಅಂಚು, ಅಂದರೆ ಕಟ್ಟಡ, ಕಾಂಕ್ರೀಟು, ದೀಪಕಂಬಗಳಿಗೆ ಅವಕಾಶವಿಲ್ಲದ ಪಟ್ಟಿ, ನಕ್ಷೆಯಲ್ಲೇ ಗುರುತಾಗಬೇಕು. ಕರಡಿಧಾಮದ ಸುತ್ತಲಿನ ಕೆರೆಗಳಿಗೆ ಇದು ಕಡ್ಡಾಯವಾಗಬೇಕು. ಹಗರಿಯಲ್ಲಿ ಮರಳಿನ ಗುತ್ತಿಗೆ ಕೊಡುವ ಮೊದಲು ಕೆಳದಂಡೆಯ ಗ್ರಾಮಸಭೆಗಳ ಮಾತು ಕೇಳಬೇಕು. ಗುತ್ತಿಗೆಯಿಂದ ಬಂದ ಹಣದ ಒಂದು ಪಾಲು ಅಲ್ಲಿನ ಹಸಿರು ಸಾಲಿಗೆ ಸಲ್ಲಬೇಕು. ಕಟ್ಟಿದ ಅಣೆಯನ್ನು ಕೆಡವಿರೆಂದು ಯಾರೂ ಕೇಳುತ್ತಿಲ್ಲ. ನೀರನ್ನು ನಿಲ್ಲಿಸಿದವರ ಹೊಣೆ ಅಣೆಯ ಗೋಡೆಗೆ ಮುಗಿಯುವುದಿಲ್ಲ, ಮರಳು ಹಾರಿ ಬೀಳುವ ಕೊನೆಯ ಹೊಲದವರೆಗೂ ಇರುತ್ತದೆ ಎಂಬುದನ್ನು ಸರ್ಕಾರಗಳು ಒಪ್ಪಿಕೊಳ್ಳಬೇಕು.

ದೂರದ ಸರೋವರವನ್ನು ನೋಡಿ ಬಂದ ಹಿರಿಯರು ದೀಪಸ್ತಂಭದ ಚಿತ್ರವನ್ನು ಊರವರಿಗೆ ತೋರಿಸಲಿ. ಅದರ ಪಕ್ಕದಲ್ಲಿ ದಡ ಕಳೆದುಕೊಂಡ ದಿಬ್ಬದ ಕಥೆಯನ್ನೂ ಹೇಳಲಿ. ಗುಡೇಕೋಟೆಯ ಕೆರೆಯಂಚಿಗೆ ಕಲ್ಲು ಹೊದಿಸುವ ಪ್ರಸ್ತಾವ ಗ್ರಾಮಸಭೆಗೆ ಬಂದ ದಿನ ಆ ಕಥೆ ನೆನಪಿಗೆ ಬರಬೇಕು.